ಅಂಗಡಿಯಲ್ಲಿ ಹೇಳಬಾರದ ಮಾತು

೨೦೦೫-೦೬ನೆಯ ಸಾಲು. ಹೈದರಾಬಾದಿನ ಒಂದು ವಿಶ್ವವಿದ್ಯಾಲಯದಲ್ಲಿ ನಾನು ಎಂಸಿಎ ಕೊನೆಯ ವರ್ಷದ ವಿದ್ಯಾರ್ಥಿ. ಅದು ಹಗಲಿನ ಕೆಲಸ. ಸಂಜೆ ಬಸ್ಸು ಹತ್ತಿ ಸುಲ್ತಾನ್ ಬಜಾರಿಗೆ ಬಂದರೆ, ಸೋದರಮಾವನ ಸೀರೆ ಅಂಗಡಿಯ ಗಾದಿಯ ಮೇಲೆ ನಾನು ಸೇಲ್ಸ್‌ಮನ್. ಈಗ ಕೊಂಡಾಪುರದ ಒಂದು ಸಾಫ್ಟ್‌ವೇರ್ ಕಂಪನಿಯಲ್ಲಿ ಕ್ಯಾಂಪಸ್ ನೇಮಕಾತಿಯ ಮುಖ್ಯಸ್ಥನಾಗಿದ್ದೇನೆ. ಪ್ರತಿ ವರ್ಷ ಕಾಲೇಜಿನಿಂದ ಕಾಲೇಜಿಗೆ ಅಲೆದು ನೂರಾರು ಹುಡುಗ ಹುಡುಗಿಯರನ್ನು ಸಂದರ್ಶನ ಮಾಡುತ್ತೇನೆ. ಮರೆಯಲಾಗದ ಕೇಸು ಯಾವುದು ಎಂದು ಯಾರಾದರೂ ಕೇಳಿದರೆ, ಮೇಜಿನ ಆ ಬದಿಗೆ ನಾನೇ ಕುಳಿತಿದ್ದ ವರ್ಷದ ಕಥೆ ಹೇಳುತ್ತೇನೆ.

ನಮ್ಮವರು ಲಿಂಗಸುಗೂರು ಕಡೆಯವರು. ಮಾವ ಶರಣಪ್ಪ ಎರಡು ಗಂಟು ಇಳಕಲ್ ಸೀರೆ ಹೊತ್ತು ಹೈದರಾಬಾದಿಗೆ ಬಂದು ಅಂಗಡಿ ಕಟ್ಟಿದ ಮನುಷ್ಯ. ನಾನು ಹತ್ತನೆಯ ತರಗತಿ ಮುಗಿಸಿದಾಗಿನಿಂದ ಅವನ ಮನೆಯಲ್ಲೇ ಬೆಳೆದವನು. ಅವನಿಗೆ ಗಂಡುಮಕ್ಕಳಿಲ್ಲ, ಕಣ್ಣು ನನ್ನ ಮೇಲಿತ್ತು. ಹಿಮಾಯತ್‌ನಗರದಲ್ಲಿ ಎರಡನೆಯ ಅಂಗಡಿ ತೆರೆದು ನನ್ನನ್ನು ಕೂರಿಸುವುದು ಅವನ ಲೆಕ್ಕ. ಸಂಕ್ರಾಂತಿಗೇ ತೆರೆಯುತ್ತೇನೆಂದು ಹೊರಟವನನ್ನು ನಾನು ಚೌಕಾಸಿ ಮಾಡಿ ಅಕ್ಷಯ ತದಿಗೆಯವರೆಗೆ ಎಳೆದೆ. ಆಗ ಅವನು ಹೇಳಿದ್ದು ಇಷ್ಟು: "ಅಷ್ಟರಾಗ ನೌಕರಿ ಸಿಕ್ಕರ ಹೋಗು, ಹಾರ ಹಾಕಿ ಕಳಸ್ತೀನಿ. ಸಿಗಲಿಲ್ಲಂದ್ರ ಆ ಗಾದಿ ನಿಂದು. ಮತ್ತ ಕಂಪ್ಯೂಟರ್ ಅನ್ನಬಾರದು."

ಗಾದಿ ಕೆಟ್ಟದ್ದೇನಲ್ಲ. ಆದರೆ ಆ ವರ್ಷ ಊರಿನ ಗಾಳಿಯೇ ಬೇರೆ ಇತ್ತು. ಕೊರಳಿಗೆ ಕಂಪನಿಯ ಟ್ಯಾಗ್ ಹಾಕಿಕೊಂಡ ನನ್ನ ವಯಸ್ಸಿನವರು ಕಂಪನಿ ಬಸ್ಸುಗಳಲ್ಲಿ ಹೋಗುತ್ತಿದ್ದರು. ಭಾನುವಾರ ಅವರೇ ನಮ್ಮ ಅಂಗಡಿಗೆ ಬಂದರೆ, ಆ ಟ್ಯಾಗು ಬೇಕೆಂದೇ ಅಂಗಿಯ ಹೊರಗೆ ಜೋಲಾಡುತ್ತಿತ್ತು. ಸೀರೆ ಬಿಚ್ಚಿ ತೋರಿಸುವಾಗ ನನ್ನ ಕಣ್ಣು ಸೆರಗಿನ ಮೇಲಿರುತ್ತಿರಲಿಲ್ಲ.

ನಮ್ಮ ವಿಶ್ವವಿದ್ಯಾಲಯದಲ್ಲಿ ಕೆರಿಯರ್ ಸೆಂಟರ್ ಎಂದು ಎರಡು ಕೋಣೆಗಳಿದ್ದವು. ಅದರ ಮುಖ್ಯಸ್ಥೆ ಶೈಲಜಾ ಮೇಡಂ ತೆಲುಗಿನವರಾದರೂ ಬಳ್ಳಾರಿಯಲ್ಲಿ ಓದಿದ್ದರಿಂದ ನಮ್ಮ ಜೊತೆ ಕನ್ನಡ ಮಾತಾಡುತ್ತಿದ್ದರು. ಅಲ್ಲಿ ರೆಸ್ಯೂಮೆ ತಿದ್ದಿಕೊಡುತ್ತಿದ್ದರು, ಗುಂಪು ಚರ್ಚೆ ನಡೆಸುತ್ತಿದ್ದರು, ಮಾಕ್ ಇಂಟರ್‌ವ್ಯೂ ಮಾಡುತ್ತಿದ್ದರು. ಮಾಕ್ ಇಂಟರ್‌ವ್ಯೂ ಎಂದರೆ ನಿಜವಾದ ಸಂದರ್ಶನದ ತಾಲೀಮು. ಅದನ್ನು ವಿಡಿಯೋ ಮಾಡಿ, ನಿಮ್ಮ ಮುಖವನ್ನು ನಿಮಗೇ ತೋರಿಸುತ್ತಿದ್ದರು. ನಾನು ಆರು ತಿಂಗಳು ಆ ಹೊಸ್ತಿಲು ತುಳಿಯಲಿಲ್ಲ. ದಿನವೂ ಸುಲ್ತಾನ್ ಬಜಾರಿನ ಹೆಂಗಸರನ್ನು ಮಾತಿನಲ್ಲಿ ಗೆಲ್ಲುವವನಿಗೆ ಮಾತು ಕಲಿಸಲು ಇವರು ಯಾರು ಎಂದುಕೊಂಡಿದ್ದೆ. ಈಗಿನ ವಿದ್ಯಾರ್ಥಿಗಳಿಗೆ ಇಲ್ಲೇ ಒಂದು ಮಾತು ಹೇಳಿಬಿಡುತ್ತೇನೆ. ಆ ಕೋಣೆಯ ಖರ್ಚು ನೀವು ಕಟ್ಟಿದ ಫೀಸಿನಲ್ಲೇ ಸೇರಿದೆ. ತೂಕ ಮಾಡಿಸಿದ ಸಾಮಾನನ್ನು ಅಂಗಡಿಯಲ್ಲೇ ಬಿಟ್ಟು ಬರಬೇಡಿ.

ನನ್ನ ಬೆಂಚಿನ ಜೊತೆಗಾರ ವಿನಾಯಕ ಕುಲಕರ್ಣಿ. ಅಪ್ಪ ಬ್ಯಾಂಕಿನಲ್ಲಿ, ಮನೆ ಹಿಮಾಯತ್‌ನಗರದಲ್ಲಿ, ಮೂಲ ಧಾರವಾಡ. ಅಂಕಗಳಲ್ಲಿ ನಾನೇ ಒಂದು ಕೈ ಮೇಲು. ಮಾತಿನಲ್ಲಂತೂ ಅವನು ನನ್ನ ಮುಂದೆ ಮೂಕ. ಅಂಥವನು ವಾರಕ್ಕೊಮ್ಮೆ ಕೆರಿಯರ್ ಸೆಂಟರಿಗೆ ಹೋಗಿ ಬೆಂಚಿನ ಮೇಲೆ ಪಾಳಿ ಕಾಯುತ್ತಿದ್ದ. ನಾನು ನಗುತ್ತಿದ್ದೆ. ಸೆಪ್ಟೆಂಬರಿನಲ್ಲಿ ಮೊದಲ ದಿನ ಬಂದ ಮೊದಲ ಕಂಪನಿಯೇ ಅವನನ್ನು ಎತ್ತಿಕೊಂಡು ಹೋಯಿತು. ಮರುದಿನ ಕಂಪನಿ ಕೊಟ್ಟ ನೀಲಿ ಟೀ ಶರ್ಟ್ ಹಾಕಿಕೊಂಡು ತರಗತಿಗೆ ಬಂದ. ಹೆಗಲಿಗೆ ಕಂಪನಿಯದೇ ಚೀಲ. ನಾನು ಕೈ ಕುಲುಕಿ ಅಭಿನಂದಿಸಿದೆ. ಹೊಟ್ಟೆಯೊಳಗೆ ಯಾರೋ ಹಸಿಮೆಣಸಿನಕಾಯಿ ಅರೆದಂತಾಗಿತ್ತು.

ಆಗ ಒಬ್ಬ ವಿದ್ಯಾರ್ಥಿಗೆ ಒಂದೇ ಆಫರ್ ಎಂಬ ನಿಯಮವಿತ್ತು. ಕೆಲಸ ಸಿಕ್ಕವನು ಮುಂದಿನ ಯಾವ ಕಂಪನಿಗೂ ಕೂರುವಂತಿಲ್ಲ. ಆ ನಿಯಮವೇ ನನ್ನ ಸಮಾಧಾನ. ಬುದ್ಧಿವಂತರು ಒಬ್ಬೊಬ್ಬರಾಗಿ ಸಾಲಿನಿಂದ ಹೊರಗೆ ಹೋದಷ್ಟೂ ನನ್ನ ಬೆಲೆ ಏರುತ್ತದೆ ಎಂದು ಲೆಕ್ಕ ಹಾಕಿದ್ದೆ. ಸಾಲು ಕರಗುತ್ತಾ ಬಂತು, ನಾನು ಅಲ್ಲೇ ನಿಂತಿದ್ದೆ. ಬರೆಯುವ ಪರೀಕ್ಷೆ ಪಾಸು, ಗುಂಪು ಚರ್ಚೆ ಪಾಸು, ವಿಷಯಜ್ಞಾನ ಕೇಳುವ ಟೆಕ್ನಿಕಲ್ ರೌಂಡಿನಲ್ಲಿ ಮನೆಗೆ. ಪ್ರತಿ ಸಲವೂ ಅಲ್ಲೇ. ಕಾರಣ ಯಾರೂ ಹೇಳುತ್ತಿರಲಿಲ್ಲ.

ಜನವರಿಯ ಒಂದು ಸಂಜೆ ವಿನಾಯಕ ತನ್ನ ತಾಯಿಯನ್ನು ಕರೆದುಕೊಂಡು ನಮ್ಮ ಅಂಗಡಿಗೇ ಬಂದ. ಮಗನಿಗೆ ನೌಕರಿ ಸಿಕ್ಕ ಖುಷಿಗೆ ಅವರಿಗೊಂದು ಸೀರೆ ಬೇಕಂತೆ. ನವಿಲುಗರಿ ಬಣ್ಣದ ಒಡಲು, ಅಂಚಿಗೆ ಚಿಕ್ಕಿ ಪರಾಸ ದಡಿಯೇ ಆಗಬೇಕು ಎಂದರು. ಆ ಸೀರೆ ನಮ್ಮಲ್ಲಿರಲಿಲ್ಲ. ಆದರೆ ನಮ್ಮ ಅಂಗಡಿಯ ಮೊದಲ ಪಾಠ, ಗಿರಾಕಿಯ ಮುಂದೆ ‘ಇಲ್ಲ’ ಎನ್ನಬಾರದು. ಇಲ್ಲ ಎಂದರೆ ಅವರು ಎದ್ದು ಹೋಗಲು ಚಪ್ಪಲಿ ಹುಡುಕುತ್ತಾರೆ. ಕೇಳಿದ್ದು ಇಲ್ಲದಿದ್ದರೆ ಇದ್ದದ್ದನ್ನು ಬಿಚ್ಚು, ಬಿಚ್ಚುತ್ತಾ ಹೋಗು, ಕೇಳಿದ್ದೇನೆಂದು ಅವರಿಗೇ ಮರೆಯಬೇಕು. ನಾನು ಹಾಗೆಯೇ ಮಾಡಿದೆ. ದಾಳಿಂಬೆ ಬಣ್ಣದ್ದು, ಗಂಧದ ಬಣ್ಣದ್ದು, ಗೋಮಿ ದಡಿಯದ್ದು. ಅವರು ಎರಡು ಸೀರೆ ಕೊಂಡರು, ಎರಡರಲ್ಲೂ ನವಿಲುಗರಿ ಬಣ್ಣದ ಎಳೆಯೇ ಇರಲಿಲ್ಲ. ವಿನಾಯಕ ಬಾಯಿ ತೆರೆದು ನೋಡುತ್ತಿದ್ದ. "ನಿನ್ನ ಬಾಯಿ ನನಗಿದ್ದಿದ್ರ ನಾ ಏನೇನೋ ಆಗ್ತಿದ್ನಲೇ ಬಸು," ಎಂದ. ಆ ಬಾಯಿ ಇದ್ದವನು ಗಾದಿಯ ಮೇಲಿದ್ದ, ಇಲ್ಲದವನು ನೀಲಿ ಟೀ ಶರ್ಟಿನಲ್ಲಿದ್ದ.

ಫೆಬ್ರವರಿಯಲ್ಲಿ ಇನ್ನೊಂದು ಕಂಪನಿ ಕೈಕೊಟ್ಟ ಮೇಲೆ ಕೆರಿಯರ್ ಸೆಂಟರಿನ ಬಾಗಿಲು ತಟ್ಟಿದೆ. ತಿಂಗಳ ಕೊನೆಯವರೆಗೆ ಮಾಕ್ ಇಂಟರ್‌ವ್ಯೂ ಪಾಳಿಗಳೆಲ್ಲ ತುಂಬಿವೆ ಎಂದರು ಮೇಡಂ. ಯಾರಾದರೂ ತಪ್ಪಿಸಿಕೊಂಡರೆ ಆ ಪಾಳಿ ಏನಾಗುತ್ತದೆ ಎಂದು ಕೇಳಿದೆ. ಖಾಲಿ ಹೋಗುತ್ತದೆ ಎಂದರು. ಹಾಗಾದರೆ ದಿನವೂ ಮಧ್ಯಾಹ್ನ ಇದೇ ಬೆಂಚಿನ ಮೇಲೆ ಕೂರುತ್ತೇನೆ, ಖಾಲಿ ಹೋಗುವುದು ನನಗಿರಲಿ ಎಂದೆ. ಎರಡನೆಯ ದಿನವೇ ಪಾಳಿ ಸಿಕ್ಕಿತು. ಇದೂ ಒಂದು ಸಲಹೆ: ಸಂಸ್ಥೆಗಳಲ್ಲಿ ಹೆಚ್ಚಿಗೆ ಕೇಳಬೇಡಿ, ಹಾಳಾಗುವುದನ್ನು ಕೇಳಿ, ಯಾರೂ ಇಲ್ಲವೆನ್ನುವುದಿಲ್ಲ.

ಅದರ ಜೊತೆಗೆ ಇನ್ನೂ ಒಂದು ಕೇಳಿದೆ. ವಿನಾಯಕನ ವಿಡಿಯೋ ತೋರಿಸಿ ಎಂದೆ. ಅವನಲ್ಲಿ ಏನಿದೆ, ನನ್ನಲ್ಲಿ ಏನಿಲ್ಲ ಎಂದು ನನ್ನ ಕಣ್ಣಾರೆ ನೋಡಬೇಕಿತ್ತು. ಅವನು ಒಪ್ಪದೆ ಸಾಧ್ಯವಿಲ್ಲ ಎಂದರು ಮೇಡಂ. ವಿನಾಯಕನನ್ನು ಕೇಳಿದರೆ ಅವನು ಒಂದು ಕ್ಷಣವೂ ಯೋಚಿಸದೆ ಹೂಂ ಎಂದ. ಜೊತೆಗೂ ಬಂದ. ಅದನ್ನೂ ನನಗೆ ಸಹಿಸಲಾಗಲಿಲ್ಲ. ಅವನ ಜಾಗದಲ್ಲಿ ನಾನಿದ್ದರೆ ಬದಲಿಗೆ ಏನಾದರೂ ಕೇಳಿರುತ್ತಿದ್ದೆ.

ಪರದೆಯ ಮೇಲೆ ವಿನಾಯಕ ಕಾಣಿಸಿಕೊಂಡ. ಇಂಗ್ಲಿಷು ಸಾಧಾರಣ. ಧ್ವನಿ ಸಣ್ಣದು. ಅರ್ಧ ತೋಳಿನ ಅಂಗಿ, ಅದಕ್ಕೂ ಇಸ್ತ್ರಿಯಿಲ್ಲ. ಒಂದು ಪ್ರಶ್ನೆ ಬಂತು, ತಿಳಿದಷ್ಟು ಹೇಳಿದ. ಇನ್ನೊಂದು ಬಂತು. "ಇದು ಗೊತ್ತಿಲ್ಲ ಮೇಡಂ," ಎಂದ. ನೀರು ಕುಡಿದಷ್ಟು ಸಲೀಸಾಗಿ. ಮುಂದೆ ಮತ್ತೊಂದಕ್ಕೂ ಗೊತ್ತಿಲ್ಲ ಎಂದ. ಮುಖದಲ್ಲಿ ನಾಚಿಕೆಯಿಲ್ಲ, ಗಾಬರಿಯಿಲ್ಲ.

ಆಮೇಲೆ ನನ್ನದನ್ನು ಹಾಕಿದರು. ಡೇಟಾಬೇಸಿನಲ್ಲಿ ಇಂಡೆಕ್ಸ್ ಹೇಗೆ ಕೆಲಸ ಮಾಡುತ್ತದೆ ಎಂದು ಮೇಡಂ ಕೇಳಿದ್ದಾರೆ. ಇಂಡೆಕ್ಸ್ ಎಂದರೆ ದಪ್ಪ ಪುಸ್ತಕದ ಕೊನೆಯಲ್ಲಿರುವ ಪದಸೂಚಿಯ ಹಾಗೆ, ಬೇಕಾದದ್ದನ್ನು ಬೇಗ ಹುಡುಕಲು. ನನಗೆ ಅದರ ಒಳಗಿನ ಕೆಲಸ ಗೊತ್ತಿರಲಿಲ್ಲ. ಪರದೆಯ ಮೇಲಿನ ನಾನು ಮುಗುಳ್ನಕ್ಕು, ಟೇಬಲ್‌ಗಳ ಬಗ್ಗೆ ಶುರು ಮಾಡಿ, ಅಲ್ಲಿಂದ ಸೆಕ್ಯುರಿಟಿಗೆ ಹಾರಿ, ಬ್ಯಾಕಪ್‌ಗೆ ಇಳಿದೆ. ಎರಡೂ ಕೈಗಳು ಮೇಜಿನ ಮೇಲೆ ಎಡದಿಂದ ಬಲಕ್ಕೆ ಏನನ್ನೋ ಹರಡುತ್ತಿದ್ದವು. ವಿನಾಯಕ ಪಕ್ಕದಿಂದ ಮೆಲ್ಲಗೆ ಹೇಳಿದ: "ನಮ್ಮವ್ವಗ ಸೀರಿ ತೋರಿಸಾಕತ್ತೀಯಲ್ಲೋ."

ನಾನು ವಾದಿಸಿದೆ. ಕಂಪನಿಯವರು ಕೊಳ್ಳಲು ಬಂದವರು, ನಾನು ಮಾರುವವನು, ಇಲ್ಲ ಎಂದರೆ ಎದ್ದು ಹೋಗುವುದಿಲ್ಲವೇ ಎಂದೆ. ಮೇಡಂ ವಿಡಿಯೋ ನಿಲ್ಲಿಸಿದರು.

"ಗಿರಾಕಿ ಸೀರೆ ತಗೊಂಡು ಮನೆಗೆ ಹೋಗ್ತಾಳೆ ಬಾಬು. ಇವರು ನಿನ್ನನ್ನೇ ತಗೊಂಡು ಹೋಗಬೇಕು. ಗೊತ್ತಿಲ್ಲದ್ದನ್ನ ಗೊತ್ತು ಅಂತ ನಟಿಸೋನ ಕೈಗೆ ಕೆಲಸ ಕೊಟ್ಟು ಯಾರು ನೆಮ್ಮದಿಯಾಗಿ ಮನೆಗೆ ಹೋಗ್ತಾರೆ?"

ನನ್ನ ಹೊಟ್ಟೆಕಿಚ್ಚಿಗೆ ಅಂದು ಸರಿಯಾದ ವಿಳಾಸ ಸಿಕ್ಕಿತು. ಅದು ಟೀ ಶರ್ಟಿನ ಮೇಲಿರಲಿಲ್ಲ, ಆ ‘ಗೊತ್ತಿಲ್ಲ’ದ ಮೇಲಿತ್ತು. ಪ್ರತಿ ತಿಂಗಳು ಸಂಬಳ ಬರುವ ಮನೆಯಲ್ಲಿ ಬೆಳೆದವನಿಗೆ ಆ ಮಾತು ಪುಕ್ಕಟೆ. ನಮ್ಮ ಮನೆಯಲ್ಲಿ ಒಂದೊಂದು ‘ಇಲ್ಲ’ವೂ ಮೆಟ್ಟಿಲಿಳಿದು ಹೋದ ಒಬ್ಬ ಗಿರಾಕಿ.

ಮುಂದಿನ ಮೂರು ವಾರ ಅದೊಂದೇ ಅಭ್ಯಾಸ. ವಿನಾಯಕ ಇರಾನಿ ಹೋಟೆಲಿನಲ್ಲಿ ಚಹಾ ಮುಂದಿಟ್ಟುಕೊಂಡು, ನನಗೆ ಬಾರದ ಪ್ರಶ್ನೆಗಳನ್ನೇ ಆರಿಸಿ ಕೇಳುತ್ತಿದ್ದ. ನಾನು ಬಾಯಿ ತೆರೆದರೆ ನಾಲಿಗೆ ತಾನಾಗಿಯೇ ಬೇರೆ ಸೀರೆ ಬಿಚ್ಚುತ್ತಿತ್ತು. "ಒಂದ ಅಕ್ಷರ ಹೆಚ್ಚೂ ಕಡಿಮಿ ಮಾಡಬ್ಯಾಡ. ಗೊತ್ತಿಲ್ಲ ಅನ್ನು, ಬಾಯಿ ಮುಚ್ಚು. ಗಂಟಲಾಗ ಮುಳ್ಳು ಐತೇನು?" ಎಂದು ಅವನು ರೇಗಿಸುತ್ತಿದ್ದ. ಕೆಲಸ ಸಿಕ್ಕವನಿಗೆ ಮಧ್ಯಾಹ್ನವೆಲ್ಲ ಬಿಡುವು ಎಂದು ಮನಸ್ಸಿನಲ್ಲೇ ಉರಿಯುತ್ತಾ ನಾನು ಕಲಿತೆ. ಗುರು ಯಾರಾದರೇನು, ಉರಿ ಇದ್ದರೆ ಪಾಠ ಬೇಗ ಬೇಯುತ್ತದೆ.

ಏಪ್ರಿಲ್ ನಡುವೆ ಆ ಸಾಲಿನ ಕೊನೆಯ ಕಂಪನಿ ಬಂತು. ಅಕ್ಷಯ ತದಿಗೆಗೆ ಎರಡು ವಾರವೂ ಉಳಿದಿರಲಿಲ್ಲ. ಹಿಮಾಯತ್‌ನಗರದ ಅಂಗಡಿಗೆ ಬೋರ್ಡು ಬರೆಸಿಯಾಗಿತ್ತು. ಟೆಕ್ನಿಕಲ್ ರೌಂಡಿನಲ್ಲಿ ಇಬ್ಬರಿದ್ದರು. ಹಿರಿಯರು ಕೇಳಿದರು, ಡೇಟಾಬೇಸಿನ ಒಂದೇ ದಾಖಲೆಯನ್ನು ಇಬ್ಬರು ಒಂದೇ ಕ್ಷಣದಲ್ಲಿ ಬದಲಿಸಲು ಬಂದರೆ ಏನಾಗುತ್ತದೆ? ಆ ಪಾಠ ನಾನು ಓದಿರಲಿಲ್ಲ. ಕೈಗಳು ಮೇಜಿನ ಮೇಲೆ ಏಳತೊಡಗಿದವು. ತೊಡೆಯ ಕೆಳಗೆ ಒತ್ತಿ ಹಿಡಿದೆ.

"ಗೊತ್ತಿಲ್ಲ ಸರ್," ಎಂದು ಇಂಗ್ಲಿಷಿನಲ್ಲಿ ಹೇಳಿ ಬಾಯಿ ಮುಚ್ಚಿದೆ.

ಇವರು ಚಪ್ಪಲಿ ಹುಡುಕುತ್ತಾರೆ ಎಂದುಕೊಂಡೆ. ಹುಡುಕಲಿಲ್ಲ. ಊಹಿಸಿ ಹೇಳು ನೋಡೋಣ ಎಂದರು. ಇದು ಊಹೆ ಮಾತ್ರ ಎಂದು ಮೊದಲೇ ಹೇಳಿ, ನಮ್ಮ ಅಂಗಡಿಯಲ್ಲಿ ಒಂದೇ ಸೀರೆಗೆ ಇಬ್ಬರು ಕೈ ಹಾಕಿದರೆ ಮೊದಲು ಹಿಡಿದವರು ಬಿಡುವವರೆಗೆ ಇನ್ನೊಬ್ಬರನ್ನು ಕಾಯಿಸುತ್ತೇವೆ ಎಂದೆ. ಅದಕ್ಕೇ ಲಾಕ್ ಎನ್ನುತ್ತಾರೆ ಎಂದರು ಅವರು. ಕಿರಿಯರು ಮುಂದೆ ಬಾಗಿದರು. ಇಬ್ಬರು ಒಂದೊಂದು ಸೀರೆ ಹಿಡಿದುಕೊಂಡು, ತನ್ನದನ್ನು ಬಿಡದೆ ಇನ್ನೊಬ್ಬಳದ್ದೂ ಬೇಕೆಂದು ಕೂತರೆ?

"ಮಾವನನ್ನು ಕರೆಯುತ್ತೇವೆ ಸರ್."

ಇಬ್ಬರೂ ನಕ್ಕರು. ಡೇಟಾಬೇಸಿನಲ್ಲೂ ಅಂಥ ಒಬ್ಬ ಮಾವ ಇರುತ್ತಾನೆ, ಒಬ್ಬರ ಕೈಯಿಂದ ಬಿಡಿಸುತ್ತಾನೆ ಎಂದು ಹಿರಿಯರೇ ವಿವರಿಸಿದರು. ಅಲ್ಲಿಂದ ಮುಂದೆ ಅದು ಪರೀಕ್ಷೆಯಾಗಿರಲಿಲ್ಲ, ಮಾತುಕತೆಯಾಗಿತ್ತು.

ಮಧ್ಯಾಹ್ನ ಎಚ್‌ಆರ್ ಮೇಡಂ ಕರೆದು ಆಯ್ಕೆಯಾಗಿದ್ದೀಯ, ಜೂನ್ ಮೊದಲ ವಾರ ಸೇರು ಎಂದರು. ಸಂಬಳ ವಿನಾಯಕನದಕ್ಕಿಂತ ಕಡಿಮೆ. ಅದು ಚುಚ್ಚಿತು, ಆದರೆ ಆ ಕಂಪನಿಯಲ್ಲಿ ಹೊಸಬರೆಲ್ಲರಿಗೂ ಒಂದೇ ಸಂಬಳ ಇದ್ದುದರಿಂದ ಅಲ್ಲಿ ಚೌಕಾಸಿಗೆ ಜಾಗವಿರಲಿಲ್ಲ. ಜಾಗವಿದ್ದಲ್ಲಿ ಮಾಡಿದೆ. ಜೂನಿನಲ್ಲಿ ಲಗ್ನದ ಗಿರಾಕಿ ಇನ್ನೂ ಇರುತ್ತಾರೆ, ಮಾವ ಒಬ್ಬನೇ ಆಗುತ್ತಾನೆ, ಆಷಾಢ ಹಿಡಿದ ಮೇಲೆ ಸೇರುತ್ತೇನೆ ಎಂದೆ. ಆಷಾಢದಲ್ಲಿ ಶುಭಕೆಲಸ ಶುರು ಮಾಡುವವನನ್ನು ಮೊದಲ ಸಲ ನೋಡುತ್ತಿದ್ದೇನೆ ಎಂದು ನಕ್ಕು ಅವರು ಜುಲೈ ಎಂದು ತಿದ್ದಿದರು.

ಸಂಜೆ ಎಂದಿನಂತೆ ಗಾದಿಯ ಮೇಲೆ ಕುಳಿತೆ. ಮಾವನಿಗೆ ಹೇಗೆ ಹೇಳುವುದೆಂದು ಬಸ್ಸಿನಲ್ಲಿ ಬರುವಾಗಲೆಲ್ಲ ಮಾತು ಜೋಡಿಸಿದ್ದೆ. ಅಷ್ಟರಲ್ಲಿ ಒಬ್ಬ ಹೆಂಗಸು ಬಂದು ಮಾವಿನ ಚಿಗುರಿನ ಬಣ್ಣದ ಸೀರೆ ಐತೇನ್ರಿ ಎಂದು ಕೇಳಿದಳು.

"ಇಲ್ಲರಿ ಅಕ್ಕಾರ," ಎಂದೆ.

ಗಲ್ಲಾಪೆಟ್ಟಿಗೆಯ ಹತ್ತಿರ ಮಾವನ ಕೈಯಲ್ಲಿದ್ದ ಚಹಾದ ಬಟ್ಟಲು ಅರ್ಧದಾರಿಯಲ್ಲಿ ನಿಂತಿತು. ನನ್ನನ್ನು ದಿಟ್ಟಿಸಿ ನೋಡಿದ.

"ನೌಕರಿ ಸಿಕ್ತೇನು?"

"ಸಿಕ್ತು ಮಾವ."

ಅವನು ಬಟ್ಟಲು ಕೆಳಗಿಟ್ಟ. ಎದ್ದು ಬಂದು ನನ್ನ ಭುಜ ಹಿಡಿದು ಪಕ್ಕಕ್ಕೆ ಸರಿಸಿ, ನಾನು ಕುಳಿತಿದ್ದ ಜಾಗದಲ್ಲಿ ಕುಳಿತ. ಚಪ್ಪಲಿಯತ್ತ ತಿರುಗಿದ್ದ ಆ ಹೆಂಗಸಿಗೆ ಹೇಳಿದ: "ಬರ್ರಿ ತಂಗಿ, ಕೂಡ್ರಿ. ಇವತ್ತಿಂದ ಈ ಹುಡುಗಗ ಏನೂ ಗೊತ್ತಿಲ್ಲ." ಹೇಳುತ್ತಲೇ ಮೊದಲ ಸೀರೆ ಬಿಚ್ಚಿದ. ಆಕೆ ಮೂರು ಸೀರೆ ಕೊಂಡಳು, ಒಂದೂ ಮಾವಿನ ಚಿಗುರಿನ ಬಣ್ಣದ್ದಲ್ಲ.

ನನ್ನ ಕೆಲಸ ನನಗೆ ಕಲಿಸಿದ್ದು ಇಷ್ಟೇ. ಮಾರುವ ಜಾಗ ಯಾವುದು, ಜೊತೆಗೆ ಬಾಳುವ ಜಾಗ ಯಾವುದು ಎಂದು ಬಾಯಿ ತೆರೆಯುವ ಮೊದಲು ತಿಳಿದುಕೊಳ್ಳಬೇಕು. ಈಗ ಪ್ರತಿ ಸಂದರ್ಶನದಲ್ಲೂ ಯಾವ ವಿದ್ಯಾರ್ಥಿಗೂ ಗೊತ್ತಿರಲಾರದ ಒಂದು ಪ್ರಶ್ನೆಯನ್ನು ಬೇಕೆಂದೇ ಕೇಳುತ್ತೇನೆ. ಹೆಚ್ಚಿನವರು ಸೀರೆ ಬಿಚ್ಚುತ್ತಾರೆ. ಅಂಥವರಿಗೆ ನಿಮ್ಮ ಕಾಲೇಜಿನ ಕೆರಿಯರ್ ಸೆಂಟರಿಗೆ ಹೋಗಿ ಒಮ್ಮೆ ನಿಮ್ಮ ಕೈಗಳನ್ನು ನೋಡಿಕೊಳ್ಳಿ ಎಂದು ಹೇಳಿ ಕಳುಹಿಸುತ್ತೇನೆ. ಅಪರೂಪಕ್ಕೆ ಒಬ್ಬ ಹುಡುಗನೋ ಹುಡುಗಿಯೋ, ಯಾರೂ ಕಲಿಸದೆಯೇ, ನೀರು ಕುಡಿದಷ್ಟು ಸಲೀಸಾಗಿ ಗೊತ್ತಿಲ್ಲ ಎನ್ನುತ್ತಾರೆ. ಅವರನ್ನು ಕಂಡರೆ ನನಗೆ ಈಗಲೂ ಹೊಟ್ಟೆ ಉರಿಯುತ್ತದೆ. ಉರಿದ ಕೂಡಲೇ ಆಯ್ಕೆಯ ಗುರುತು ಹಾಕಿಬಿಡುತ್ತೇನೆ.