ಕಮಲಾಪುರದ ಹಳದಿ ಜಿಗಿಹುಳು

ಅಕ್ಕಿಕಾಳಿಗಿಂತ ಸಣ್ಣ ಹುಳುವೊಂದಕ್ಕೆ ಅವ್ವನ ಹೆಸರಿಡಬೇಕೆಂದು ನಾನು ಗುಟ್ಟಾಗಿ ಹಿಗ್ಗಿದ್ದುಂಟು. ಎಂಬತ್ತರ ದಶಕದ ಕೊನೆ. ಕಲಬುರಗಿಯ ವಿಶ್ವವಿದ್ಯಾಲಯದಲ್ಲಿ ಜಿಗಿಹುಳುಗಳ ಮೇಲೆ ಸಂಶೋಧನೆ ಮಾಡುತ್ತಿದ್ದೆ. ತೊಗರಿ ಎಲೆಯ ರಸ ಹೀರುವ, ಮುಟ್ಟಹೋದರೆ ಅಡ್ಡಡ್ಡ ಓಡಿ ಜಿಗಿಯುವ ಹಸಿರು ಹುಳುಗಳು. ನೋಡಲು ಎಲ್ಲವೂ ಒಂದೇ. ಯಾವುದು ಯಾವ ಜಾತಿ ಎಂದು ಹೇಳುವುದೇ ನನ್ನ ಕೆಲಸ.

ಮಹಾಗಾಂವದ ಹೊಲದಲ್ಲಿ ಹಿಡಿದವು ಹಸಿರಾಗಿದ್ದವು. ಕಮಲಾಪುರದಲ್ಲಿ ಹಿಡಿದವನ್ನು ಕೊಂದು ಶೀಶೆಗೆ ಹಾಕಿ, ಬಣ್ಣ ಕೂಡ ಬರೆದುಕೊಳ್ಳದೆ ಕಲಬುರಗಿಯ ಗಾಜಿಪುರ ಓಣಿಯ ನಮ್ಮ ಮನೆಯಲ್ಲಿಟ್ಟು, ಸೋದರತ್ತೆಯ ಊರಿಗೆ ಹೋಗಿಬಿಟ್ಟೆ. ವಾರದ ಮೇಲೆ ಬಂದು ನೋಡಿದರೆ ಅಚ್ಚ ಹಳದಿ! ಹೊಸ ಜಾತಿಯೇ ಸಿಕ್ಕಿತೆಂದು ಕಾಲು ನೆಲದ ಮೇಲೆ ನಿಲ್ಲಲಿಲ್ಲ. ಹೊಸ ಜಾತಿಗೆ ಹೆಸರಿಡುವ ಹಕ್ಕು ಅದನ್ನು ಮೊದಲು ಗುರುತಿಸಿದವರದು. ಓದಿಸಿದ್ದು ಸಾಕು ಎಂದ ನೆಂಟರ ಬಾಯಿ ಮುಚ್ಚಿಸಿದವಳು ಅವ್ವ. ಅವಳ ಹೆಸರು ಎಲ್ಲಾದರೂ ಅಚ್ಚಾಗಿ ಉಳಿಯಬೇಕೆಂದು ನನಗೆ ಬಲು ಆಸೆ.

ಹುಳು ತೋರಿಸಿದಾಗ, ಸಂಶೋಧನೆಗೆ ಮಾರ್ಗದರ್ಶಕರಾಗಿದ್ದ ನಮ್ಮ ಸರ್ ನಕ್ಕರು. "ಬಣ್ಣ ನೋಡಿ ಜಾತಿ ಹೇಳಬ್ಯಾಡವಾ. ಗಂಡುಹುಳದ ಹೊಟ್ಟಿ ಬಿಚ್ಚಿ ನೋಡು."

ಈ ಹುಳುಗಳ ಗುರುತು ಇರುವುದು ಗಂಡಿನ ಹೊಟ್ಟೆಯ ತುದಿಯ ಕೂಡುವ ಅಂಗದಲ್ಲಿ. ಹೊಟ್ಟೆಯನ್ನು ಮಾಂಸ ಕರಗಿಸುವ ಕಾಸ್ಟಿಕ್ ನೀರಿನಲ್ಲಿ ಕುದಿಸಿ, ಸೂಜಿಯಿಂದ ಬಿಡಿಸಿ, ಸೂಕ್ಷ್ಮದರ್ಶಕದಡಿ ಇಟ್ಟೆ. ಮಹಾಗಾಂವದ್ದೂ ಕಮಲಾಪುರದ್ದೂ ಕೊಂಕಿಗೆ ಕೊಂಕು ಒಂದೇ. ಹನ್ನೆರಡು ಬಿಚ್ಚಿದೆ, ಹನ್ನೆರಡೂ ಅದೇ. ಎರಡೂ ಒಂದೇ ಜಾತಿ, ಹೊಸದಲ್ಲ. ಅಳು ಬಂತು.

ಮಳೆಗಾಲದಲ್ಲಿ ಒಂದಿಷ್ಟು ಬಿಸಿಲು ಬಿದ್ದರೆ ಸಾಕು, ನಮ್ಮ ಓಣಿಯ ಬೇಳೆ, ಹಾಸಿಗೆ, ಉಪ್ಪಿನಕಾಯಿ ಎಲ್ಲ ಮಾಳಿಗೆ ಏರುತ್ತಿದ್ದವು. ನಾನು ಮುಖ ಸಣ್ಣದು ಮಾಡಿಕೊಂಡು ಮನೆಗೆ ಬಂದಾಗ ಅವ್ವ ಬೇಳೆಯ ಮೊರ ಹಿಡಿದು ಕೆಳಗಿಳಿಯುತ್ತಿದ್ದಳು. ಏನಾಯಿತೆಂದು ಕೇಳಿದಳು. ಹೆಸರಿನ ಗುಟ್ಟೊಂದು ಬಿಟ್ಟು ಎಲ್ಲ ಹೇಳಿದೆ.

"ಹಳದಿ ಆಗದೆ ಏನಾಗ್ತಾವ? ನೀ ಊರಿಗಿ ಹೋದಾಗ, ಬೂಸು ಹಿಡದೀತು ಅಂತ ಬ್ಯಾಳಿ ಸಂಗಟ ನಿನ್ನ ಶೀಶೇನೂ ದಿನಾ ಬಿಸಲಿಗಿ ಇಟ್ಟೀನಿ," ಎಂದಳು, ದೊಡ್ಡ ಉಪಕಾರ ಮಾಡಿದವಳ ಹಾಗೆ.

ಸಿಟ್ಟು ಬರಬೇಕಿತ್ತು, ನಗು ಬಂತು. ನಗುವಿನ ಭರದಲ್ಲಿ ಗುಟ್ಟನ್ನೂ ಹೇಳಿಬಿಟ್ಟೆ. ಅವ್ವ ಬಾಯಿಗೆ ಸೆರಗು ಹಿಡಿದು ನಕ್ಕಳು. ಆಮೇಲೆ ಮೊರ ಕೆಳಗಿಟ್ಟಳು.

"ನನ್ನ ಹೆಸರಾ?"

ಕೈ ಒರೆಸಿಕೊಂಡು, "ಹಳದೀದು ಒಂದು ನನಗ ಕೊಡವಾ," ಎಂದಳು.

ಸಣ್ಣ ಶೀಶೆಯಲ್ಲಿ ಹಾಕಿ, ಅವಳ ಹೆಸರಿನ ಚೀಟಿ ಅಂಟಿಸಿ ಕೊಟ್ಟೆ. ಅವ್ವ ಅದನ್ನು ದೇವರ ಗೂಡಿನ ಪಕ್ಕ, ಬಿಸಿಲು ತಾಗದ ಕಡೆ ಇಟ್ಟಳು.