ಗಂಟೆಯ ನಾಲಿಗೆ

ನಮ್ಮ ದೇವರ ಮನೆಯ ಬಾಗಿಲಿಗೆ ಒಂದು ಹಿತ್ತಾಳೆಯ ಗಂಟೆ ತೂಗುಬಿಟ್ಟಿದೆ. ಹೋದ ವರ್ಷ ನೀವು ಮದ್ದೂರಿಗೆ ಬಂದು ಅದನ್ನು ನೋಡಿದ್ದರೆ ನಕ್ಕುಬಿಡುತ್ತಿದ್ದಿರಿ. ನನ್ನ ಹಳೆಯ ನೂಲಿನ ಸೀರೆಯ ಅಂಚನ್ನು ಹರಿದು ಅದರ ನಾಲಿಗೆಗೆ ಸುತ್ತಿದ್ದೆ. ಬೆಳಿಗ್ಗೆ ಪೂಜೆಗೆ ಬಿಚ್ಚುವುದು, ಮಂಗಳಾರತಿ ಮುಗಿದ ಮೇಲೆ ಮತ್ತೆ ಕಟ್ಟುವುದು. ಹಲ್ಲುನೋವಿಗೆ ಕೆನ್ನೆಗೆ ಬಟ್ಟೆ ಕಟ್ಟಿಕೊಂಡವರ ಹಾಗೆ ಅದು ದಿನವಿಡೀ ಮಾತಿಲ್ಲದೆ ತೂಗುತ್ತಿತ್ತು. ಕಾರಣ ಇಷ್ಟೇ: ಒಳಗೆ ನನ್ನ ಮಗಳು ಹಾಡುತ್ತಿದ್ದಳು.

ಆಕೆ ತಾನೇ ಹಾಡು ಬರೆದು, ತಾನೇ ರಾಗ ಕಟ್ಟಿ, ತಾನೇ ಹಾಡಿ, ಯಾವ ಕಂಪನಿಯ ಹಂಗೂ ಇಲ್ಲದೆ ತಾನೇ ಅದನ್ನು ಲೋಕಕ್ಕೆ ಬಿಡುವವಳು. ಹಾಡು ಅರ್ಧ ಕನ್ನಡ, ಅರ್ಧ ಇಂಗ್ಲಿಷು. ಇದನ್ನು ಪಾಪ್ ಎನ್ನುತ್ತಾರಂತೆ. ನನ್ನ ಕಿವಿಗೆ ಮೊದಲು 'ಪಾಪ' ಎಂದೇ ಕೇಳಿಸಿತ್ತು. ನೆಂಟರ ಕಿವಿಗೆ ಈಗಲೂ ಹಾಗೆಯೇ ಕೇಳಿಸುತ್ತದೆ. ಮಂಡ್ಯದಲ್ಲಿ ಮಕ್ಕಳಿಗೆ ಕೀಬೋರ್ಡು ಕಲಿಸುತ್ತಾಳೆ, ಶನಿವಾರ ಮೈಸೂರಿನ ಹೋಟೆಲಿನಲ್ಲಿ ಹಾಡುತ್ತಾಳೆ, ಉಳಿದ ಹೊತ್ತೆಲ್ಲ ನಮ್ಮ ದೇವರ ಮನೆಯಲ್ಲಿ ಇರುತ್ತಾಳೆ. ಹೆದ್ದಾರಿಯ ಬಸ್ಸು ಲಾರಿಗಳ ಸದ್ದು ನುಗ್ಗದ, ಕಿಟಕಿಯಿಲ್ಲದ ಕೋಣೆ ನಮ್ಮಲ್ಲಿ ಅದೊಂದೇ. ಗೋಡೆಗೆ ರಗ್ಗು ತೂಗುಹಾಕಿ, ಮೈಕು ನಿಲ್ಲಿಸಿ, ಎದ್ದಾಗಲೆಲ್ಲ ಆ ಗಂಟೆಗೆ ತಲೆ ತಾಗಿಸಿಕೊಳ್ಳುತ್ತಿದ್ದಳು. ಅದಕ್ಕೇ ಬಟ್ಟೆ ಕಟ್ಟಿದ್ದು. ಮಗಳು ದಿನವೂ ದೇವರ ಮುಂದೆ ಕೂರುತ್ತಾಳೆ, ಯಾವ ತಾಯಿಗೆ ಈ ಭಾಗ್ಯ ಉಂಟು ಎಂದು ನಾನು ಒಳಗೊಳಗೇ ಕೈಮುಗಿದುಕೊಂಡಿದ್ದೆ.

ನನ್ನ ಗಂಡನ ಅಕ್ಕ ಚಿಕ್ಕರಸಿನಕೆರೆಯವರು. ಒಮ್ಮೆ ಬಂದವರು ಬಾಗಿಲಲ್ಲೇ ನಿಂತು ಕೇಳಿಸಿಕೊಂಡು ಮುಖ ಹಿಂಡಿದರು.

"ಇದೇನವ್ವ, ದೇವ್ರ ಮನೇಲಿ ಇಂಗ್ಲಿಸು? ಒಂದ್ ಗಳ್ಗೆ ಕನ್ನಡ, ಒಂದ್ ಗಳ್ಗೆ ಅದು. ಎಲ್ಡು ನಾಲ್ಗೆ ಇರೋದು ಆವ್ಗೆ ಕಣಮ್ಮ!"

"ಆವ್ಗೂ ಆಲ್ ಎರೀತೀವಲ್ಲ ಅತ್ಗೆ," ಎಂದೆ. "ಕಾಪಿ ಕುಡೀರಿ, ಆರೋಯ್ತದೆ."

ಮಗಳದು ಎರಡು ನಾಲಿಗೆಯೇ, ಸುಳ್ಳಲ್ಲ. ನಗುವುದು ಕನ್ನಡದಲ್ಲಿ, ಸಿಟ್ಟಾಗುವುದು ಇಂಗ್ಲಿಷಿನಲ್ಲಿ. ಎರಡರಲ್ಲಿಯೂ ಸುಳ್ಳಾಡಿದ್ದನ್ನು ಮಾತ್ರ ನಾನು ಕೇಳಿಲ್ಲ.

ಇನ್ನು ನಮ್ಮ ಹಕಾರದ ವಿಚಾರ. ಹಕಾರ ಎಲ್ಲಿ ಬರಬೇಕೆಂದು ಬರೆಯುವ ಕೈಗೆ ಗೊತ್ತು, ನೀವೇ ನೋಡುತ್ತಿದ್ದೀರಿ, ಬಾಯಿಗೆ ಗೊತ್ತಿಲ್ಲ. ಹಾಲು ನಮಗೆ ಆಲು, ಹಾವು ಆವು, ಹಳ್ಳಿ ಅಳ್ಳಿ. ಮಗಳಿಗೆ ಹೇಮಾವತಿ ಎಂದು ಹೊಳೆಯ ಹೆಸರಿಟ್ಟೆವು; ತೊಟ್ಟಿಲಿನಿಂದ ಇಳಿಯುವ ಮುನ್ನವೇ ಆಕೆ ಏಮ ಆಗಿದ್ದಳು. ಆ ಏಮ ನನ್ನ ತವರು ಕಿರುಗಾವಲಿನ ಮೇಲೆ ಒಂದು ಹಾಡು ಕಟ್ಟಿದಳು. ಬಸ್ಸಿನ ಮೆಟ್ಟಿಲ ಮೇಲೆ ನಿಂತ ಹೆಣ್ಣೊಬ್ಬಳು, ಯಾರ ಅಪ್ಪಣೆಯನ್ನೂ ಕೇಳದೆ, "ಊರ್ಗೆ ಓಯ್ತೀನಿ ಕಣವ್ವ" ಎನ್ನುತ್ತಾಳೆ. ಪಲ್ಲವಿ ಅದೇ. ಆ ಹೆಣ್ಣು ತನ್ನೊಳಗೆ ಅಂದುಕೊಳ್ಳುವುದೆಲ್ಲ ಇಂಗ್ಲಿಷು.

ಬೆಂಗಳೂರಿನ ಹಾಡಿನ ಕಂಪನಿಯೊಂದರಿಂದ ಫೋನು ಬಂತು. ತಾವೇ ಅದನ್ನು ಬಿಡುಗಡೆ ಮಾಡುತ್ತೇವೆ ಎಂದರು. ಮಗಳಿಗೆ ಎಷ್ಟೋ ವರ್ಷ ಒಬ್ಬಳೇ ತಳ್ಳಿದ ಗಾಡಿಗೆ ಎತ್ತು ಸಿಕ್ಕಿದ ಹಾಗಾಯಿತು. ಸ್ಪೀಕರಿನಲ್ಲಿ ನಾನೂ ಕೇಳಿಸಿಕೊಂಡೆ.

"ಒಂದೇ ಒಂದು ಚೇಂಜು ಮೇಡಂ. ಆ 'ಓಯ್ತೀನಿ' ಬೇಡ, 'ಹೋಗ್ತೀನಿ' ಅಂತ ಹಾಡಿಬಿಡಿ. ಇಂಗ್ಲಿಷ್ ಪಾರ್ಟ್ ಸೂಪರ್. ಕನ್ನಡ ಸ್ವಲ್ಪ ಹಳ್ಳಿ ಥರ ಇದೆ. ಸೋಮವಾರದೊಳಗೆ ಕಳಿಸಿ."

ಇಂಗ್ಲಿಷಿನವರು ಅಕ್ಷರ ನುಂಗಿದರೆ ಅದು ಸ್ಟೈಲು. ಮಂಡ್ಯದವರು ಹಕಾರ ನುಂಗಿದರೆ ಅದು ಹಳ್ಳಿ. ಈ ನ್ಯಾಯವನ್ನು ಯಾವ ಕಟ್ಟೆಯ ಮೇಲೆ ಕೂತು ತೀರಿಸಿದರೋ ನಾ ಕಾಣೆ.

ಆದರೂ ಹುಡುಗಿ ಒಳಗೆ ಹೋಗಿ ಬಾಗಿಲು ಹಾಕಿಕೊಂಡಳು. ನಾನು ಹೊರಗೆ ಅವರೆಕಾಯಿ ಸುಲಿಯುತ್ತ ಕೂತೆ. ಹಕಾರ ತಪ್ಪಬಾರದು, ತಪ್ಪಬಾರದು ಎಂಬ ಹೆದರಿಕೆಯಲ್ಲಿ ನಮ್ಮವರು ಎಲ್ಲರೂ ಮಾಡುವ ತಪ್ಪನ್ನೇ ಅವಳೂ ಮಾಡಿದಳು, ಇಲ್ಲದ ಕಡೆಯೂ ಹಚ್ಚಿದಳು. "ಹೂರಿಗೆ ಹೋಗ್ತೀನಿ ಕಣಮ್ಮ" ಎಂದು ಕೇಳಿಸಿತು.

"ಏನಮ್ಮಿ," ಎಂದು ಕೂಗಿದೆ, "ಊರ್ಗೆ ಓಯ್ತಿದ್ದೀಯೋ, ಒಬ್ಬಟ್ಟಿಗೆ ಊರ್ಣ ರುಬ್ತಿದ್ದೀಯೋ?"

ಬಾಗಿಲು ತೆರೆಯಿತು. ನಗುತ್ತಿದ್ದಳು, ಕಣ್ಣು ಮಾತ್ರ ತುಂಬಿತ್ತು.

"ನನ್ ಬಾಯಿ ನಂದಲ್ಲ ಅನ್ನುಸ್ತದೆ ಅವ್ವ."

"ಅಂಗಾರೆ ಅಂಗೆ ಆಡ್ಬೇಡ, ಬುಡು."

"ಅವ್ರು ಬುಟ್ಟೋದ್ರೆ? ಇನ್ನೊಂದ್ ದಪ ಯಾರ್ ಕರೀತಾರೆ?"

"ಬುಟ್ಟೋದ್ರೆ ಓಗ್ಲಿ. ನಿಮ್ಮಜ್ಜಿ ಇದೇ ಬಾಯಲ್ಲಿ ಸೋಬಾನೆ ಆಡಿ ಊರೋರ್ ಮದ್ವೆನೆಲ್ಲ ಮಾಡುಸ್ನಿಲ್ವಾ? ಯಾವ್ ಮದ್ವೆ ನಿಂತೋಯ್ತು?"

ಹಾಗೆ ಅಂದುಬಿಟ್ಟೆನಾದರೂ, ಮಗಳ ದಾರಿಗೆ ನಾನೇ ಅಡ್ಡ ನಿಂತೆನೇ ಎಂದು ದೀಪದ ಮುಂದೆ ಕೂತೆ. ಅಭ್ಯಾಸದಂತೆ ಬಾಯಿಂದ "ಅರಿ, ಅರಿ" ಬಂತು. ಹುಟ್ಟಿದಾಗಿನಿಂದ ಹರಿಯನ್ನು ಕರೆಯುವುದು ನಾನು ಹೀಗೆಯೇ. ಬಲ್ಲವರು ಹೇಳುತ್ತಾರೆ, ಸಂಸ್ಕೃತದಲ್ಲಿ ಅರಿ ಎಂದರೆ ಶತ್ರು ಎಂದು. ಇರಲಿ, ಕನ್ನಡದಲ್ಲಿ ಅರಿ ಎಂದರೆ ತಿಳಿದುಕೋ. ನನ್ನನ್ನು ಅರಿ, ನನ್ನ ಮಗಳನ್ನು ಅರಿ, ಎಂದು ಇಷ್ಟು ಕಾಲ ಗೊತ್ತಿಲ್ಲದೆಯೇ ಬೇಡುತ್ತಿದ್ದೆನಲ್ಲ! ಅವನು ಅರಿತಿದ್ದಾನೆ. ಮನೆಯಲ್ಲಿ ಅನ್ನವಿದೆ, ಮಗಳಿಗೆ ಕಂಠವಿದೆ, ಗಂಡನಿಗೆ ರಾತ್ರಿ ನಿದ್ದೆ ಬರುತ್ತದೆ. ಹಕಾರ ಸರಿಮಾಡಿಕೊಂಡು ಬಾ, ಆಮೇಲೆ ಕೊಡುತ್ತೇನೆ ಎಂದು ಅವನು ಒಂದು ದಿನವೂ ಫೋನು ಇಟ್ಟವನಲ್ಲ.

ಸೋಮವಾರ ಮಗಳೇ ಫೋನು ಮಾಡಿದಳು.

"ಯೋಚನೆ ಮಾಡಿ ಮೇಡಂ, ನಿಮ್ಮ ಒಳ್ಳೇದಕ್ಕೇ ಹೇಳಿದ್ದು," ಎಂದಿತು ಆ ಕಡೆಯ ದನಿ.

"ಯೋಚ್ನೆ ಮಾಡಿದ್ದೀನಿ ಸರ್. ನಾನ್ ಮಾತಾಡೋದೇ ಇಂಗೆ. ಆಡೋದೂ ಇಂಗೇಯ."

ಕಂಪನಿ ಹೋಯಿತು. ಹಾಡು ಹೋಗಲಿಲ್ಲ. ಎಂದಿನಂತೆ ತಾನೇ ಬಿಡುವೆನೆಂದಳು. ಈ ಸಲ ಹಾಡಿದವರ ಹೆಸರು ಹೇಮಾವತಿ ಅಲ್ಲ, ಏಮ. ಬೆಂಗಳೂರಿನ ಹುಡುಗರು ಅದನ್ನೇ ಇಂಗ್ಲಿಷ್ ಹೆಸರೆಂದುಕೊಂಡಿದ್ದಾರಂತೆ. ಅಂದುಕೊಳ್ಳಲಿ. ಮೊನ್ನೆ ಮಳವಳ್ಳಿಯ ಬಸ್ಸಿನಲ್ಲಿ ನನ್ನ ಪಕ್ಕದ ಹೆಣ್ಣುಮಗಳು ಟಿಕೆಟ್ಟು ಮಡಿಸುತ್ತ "ಓಯ್ತೀನಿ ಕಣವ್ವ" ಎಂದು ಗುನುಗುತ್ತಿದ್ದಳು. ನಾನು ಯಾರೆಂದು ಹೇಳಲಿಲ್ಲ. ಕಿಟಕಿಯ ಕಡೆ ತಿರುಗಿ ಕೂತೆ, ಕಣ್ಣು ಒರೆಸಿಕೊಳ್ಳಬೇಕಿತ್ತು.

ಆ ಹಾಡನ್ನು ಲೋಕಕ್ಕೆ ಬಿಡಲು ಕೊನೆಯ ಸಲ ರೆಕಾರ್ಡು ಮಾಡುವ ಮುಂಚೆ ಮಗಳು ಕೈ ಎತ್ತಿ ಗಂಟೆಯ ಬಟ್ಟೆಯನ್ನು ತಾನೇ ಬಿಚ್ಚಿದಳು. "ಇದ್ರ ನಾಲ್ಗೆ ಮಾತ್ರ ಯಾಕ್ ಕಟ್ಟೋದು?" ಎಂದಳು. ಹಾಡಿನ ನಡುವೆ ಎಲ್ಲೋ ಅವಳ ತಲೆ ತಾಗಿ ಅದು ಢಣ್ಣೆಂದದ್ದು ನೀವು ಕೇಳಿದರೆ ಕೇಳಿಸುತ್ತದೆ, ಅವಳು ಅದನ್ನು ತೆಗೆಯಲಿಲ್ಲ. ಆ ಬಟ್ಟೆಯಲ್ಲಿ ಈಗ ನಾನು ಒಲೆಕಟ್ಟೆ ಒರೆಸುತ್ತೇನೆ. ಬೆಳಿಗ್ಗೆ ಗಂಟೆ ಬಾರಿಸುವಾಗ ಕಿವಿಗೊಟ್ಟು ಕೇಳುತ್ತೇನೆ. ಪಾಪ, ಅದಕ್ಕೂ ಹಕಾರ ಬರುವುದಿಲ್ಲ. ಏನಂದೆ, ಇನ್ನೊಮ್ಮೆ ಸರಿಯಾಗಿ ಹೇಳು ಎಂದು ದೇವರು ಅದನ್ನು ಕೇಳಿದ್ದೂ ಇಲ್ಲ.