ಸೋದರಮಾವನ ಮಗಳು

ನನ್ನಿಂದ ಬಿ.ಎ. ಆಗುವುದಿಲ್ಲ ಎಂದವನು ನನ್ನ ಸೋದರಮಾವ. ನನ್ನ ಹೆಂಡತಿಯ ತಂದೆಯೂ ಅವನೇ. ತಂಗಿಯ ಮಗನಿಗೆ ಅಣ್ಣ ಹೆಣ್ಣು ಕೊಡುವುದು ನಮ್ಮಲ್ಲಿ ಹೊಸದೇನಲ್ಲ. ನನಗೆ ಹದಿನೇಳು, ಅವಳಿಗೆ ಹನ್ನೆರಡು ಇದ್ದಾಗಲೇ ನಮ್ಮ ಮೇಲೆ ಅಕ್ಕಿಕಾಳು ಬಿದ್ದಿದ್ದವು. ಜಮಖಂಡಿಯಲ್ಲಿ ಮ್ಯಾಟ್ರಿಕ್ ಮುಗಿಸಿ ವಿಜಾಪುರದ ಕಾಲೇಜಿಗೆ ನಾನು ಹೊರಟ ದಿನ ಮಾವ ಬೀಳಗಿಯ ಕಡೆಯ ತನ್ನ ಊರಿನಿಂದ ಬಂದು, ನಮ್ಮ ಕಟ್ಟೆಯ ಮೇಲೆ ಕುಳಿತು, ಹತ್ತು ಮಂದಿಗೆ ಕೇಳಿಸುವಂತೆ ಹೇಳಿದ:

“ಕುರಿ ಕಾಯೋರ ಮನ್ಯಾಗ ಬಿ.ಎ. ಹುಟ್ಟೂದಿಲ್ಲಪ್ಪ. ಹುಟ್ಟಿದ್ರೂ ಬದುಕೂದಿಲ್ಲ.”

ನನ್ನ ದೊಡ್ಡಪ್ಪ ಹಗ್ಗ ಹೊಸೆಯುತ್ತಿದ್ದವನು ತಲೆ ಎತ್ತಲಿಲ್ಲ. “ನಿಮ್ಮ ಮನ್ಯಾಗ ಹುಟ್ಟೂದಿಲ್ಲ ಅನ್ನು ಬೀಗಾ. ನಮ್ಮ ಮನೀದು ನಮಗ ಬಿಡು” ಎಂದ.

ಎಲ್ಲರೂ ನಕ್ಕರು. ಅವ್ವ ಮಾತ್ರ ನಗಲಿಲ್ಲ. ಒಂದು ಕಡೆ ಅಣ್ಣ, ಒಂದು ಕಡೆ ಮಗ. ಅಪ್ಪ ನಾನು ಸಣ್ಣವನಿದ್ದಾಗಲೇ ತೀರಿಕೊಂಡಿದ್ದ. ಮನೆಯ ಹಿರಿಯ ದೊಡ್ಡಪ್ಪನೇ.

ಸಂಸ್ಥಾನ ಹೋಗಿ ಮುಂಬಯಿ ಸರಕಾರ ಬಂದ ಹೊಸತು. ಓದಿದವನಿಗೆ ಕಚೇರಿಯಲ್ಲಿ ಕುರ್ಚಿ ಸಿಗುತ್ತದೆ ಎಂಬ ಮಾತು ಮುಧೋಳದ ಸಂತೆಯಲ್ಲೂ ನಡೆಯುತ್ತಿತ್ತು. ನಾನು ಆ ಕುರ್ಚಿಯನ್ನು ಕನಸಿನಲ್ಲಿ ಕಂಡವನು. ನಮ್ಮ ಊರು ಮುಧೋಳ–ಜಮಖಂಡಿ ರಸ್ತೆಯ ಮಗ್ಗುಲಿಗಿದೆ. ಕಾಲೇಜಿನ ಸೂಟಿಯಲ್ಲಿ ಅಲ್ಲಿಗೆ ಬಂದಾಗಲೂ ನಾನು ಪುಸ್ತಕ ಹಿಡಿದು ಜೋಳದ ಚೀಲಗಳ ನಡುವೆ ಕುಳಿತುಬಿಡುತ್ತಿದ್ದೆ. ಅಷ್ಟರಲ್ಲಿ ಹೆಂಡತಿ ನಮ್ಮ ಮನೆಗೆ ಬಾಳಲು ಬಂದು ಎರಡು ವರ್ಷವಾಗಿತ್ತು. ನಸುಕಿನಲ್ಲಿ ಬೀಸುತ್ತಿದ್ದಳು, ಹಗಲು ಉಣ್ಣೆ ನೂಲುತ್ತಿದ್ದಳು. ನಾನು ಅವಳ ಜೊತೆ ಆಡಿದ ಮಾತನ್ನು ಬೆರಳಲ್ಲಿ ಎಣಿಸಬಹುದಿತ್ತು.

ಒಮ್ಮೆ ಊಟಕ್ಕೆ ನೀಡುತ್ತ ಕೇಳಿದಳು: “ಇನ್ನಾ ಎಷ್ಟ ದಿನ ಓದತೀರಿ?”

“ಎರಡು ವರ್ಷ.”

“ಹೋದ ವರ್ಷಾನೂ ಎರಡು ವರ್ಷ ಅಂದಿದ್ರಿ. ಸವತಿ ಇದ್ದಿದ್ರ ಛಲೋ ಇತ್ರಿ. ಕೂದಲಾ ಹಿಡದ ಜಗಳಾರೆ ಆಡತಿದ್ದೆ. ಈ ಪುಸ್ತಕಕ್ಕ ಕೂದಲಾನೂ ಇಲ್ಲ.”

ನನಗೆ ನಗು ಬಂದಿತ್ತು. ನಕ್ಕಿದ್ದರೆ ಏನಾಗುತ್ತಿತ್ತೋ. ನಾನು ಸಾರು ನೀಡು ಎಂದೆ.

ಬಿ.ಎ.ಯ ಕೊನೆಯ ವರ್ಷ, ದೀಪಾವಳಿಯ ಸೂಟಿ. ಮುಧೋಳಕ್ಕೆ ಬಂದಿದ್ದ ನನ್ನ ಇಬ್ಬರು ಕಾಲೇಜು ಗೆಳೆಯರು ಹೇಳದೆ ಕೇಳದೆ ಸೈಕಲ್ ಮೇಲೆ ನಮ್ಮ ಊರಿಗೆ ಬಂದರು. ಇಸ್ತ್ರಿ ಮಾಡಿದ ಅಂಗಿ, ಕೈಗೆ ಗಡಿಯಾರ. ನಮ್ಮ ಅಂಗಳದ ತುಂಬ ಕುರಿಹಿಕ್ಕೆ. ಅವಳು ಎಂಟು ದಿನದ ಮರಿಯೊಂದನ್ನು ಕಂಕುಳಲ್ಲಿ ಅವುಚಿಕೊಂಡು, ಸೀರೆಯ ಕಚ್ಚೆ ಮೊಣಕಾಲಿಗೆ ಎತ್ತಿ ಕಟ್ಟಿಕೊಂಡು ಹಿತ್ತಿಲಿನಿಂದ ಬಂದವಳು ಅವರಿಗೆ ನೀರಿನ ತಂಬಿಗೆ ಕೊಟ್ಟಳು. ಗೆಳೆಯರಲ್ಲಿ ಒಬ್ಬ ಕೇಳಿದ: “ಇವರು ಯಾರು?”

ನಾನು ಹೇಳಿದೆ: “ನಮ್ಮ ಸೋದರಮಾವನ ಮಗಳು.”

ಸುಳ್ಳಲ್ಲ. ಮಾವನ ಮಗಳನ್ನು ಮದುವೆಯಾಗದ ಬೇರೆ ಜಾತಿಯವನಾಗಿದ್ದರೆ ನಾನು ಸುಳ್ಳು ಹೇಳಬೇಕಾಗುತ್ತಿತ್ತು, ಬಹುಶಃ ಬಾಯಿ ತಡವರಿಸುತ್ತಿತ್ತು, ಹೇಳದೆಯೂ ಉಳಿಯುತ್ತಿದ್ದೆನೇನೋ. ನನ್ನ ಬಳಿ ನಿಜವೇ ತಯಾರಿತ್ತು. ಅವಳು ತಂಬಿಗೆ ವಾಪಸು ತೆಗೆದುಕೊಂಡು ಒಳಗೆ ಹೋದಳು. ಗೆಳೆಯರು ಹೋಗುವವರೆಗೆ ಹೊರಗೆ ಬರಲಿಲ್ಲ. ಮರುದಿನ ಬೀಳಗಿಯ ಕಡೆ ಹೊರಟ ಒಂದು ಚಕ್ಕಡಿಯಲ್ಲಿ ಕುಳಿತು ತವರಿಗೆ ಹೋದಳು. ಅವ್ವನಿಗೆ ಇಷ್ಟೇ ಹೇಳಿದಳಂತೆ: “ಅತ್ತೀ, ಸೋದರಮಾವನ ಮಗಳು ಎಷ್ಟ ದಿನ ಇರಬೇಕ್ರಿ ಪರರ ಮನ್ಯಾಗ?”

ಎಂಟು ದಿನಕ್ಕೆ ಮಾವ ಬಂದ. ಬೀರಪ್ಪನ ಗುಡಿಯ ಮುಂದೆ ಐದು ಮಂದಿ ಹಿರಿಯರು ಕುಳಿತರು. ಮಾವನ ಷರತ್ತು ಒಂದೇ: ನಾನು ಕಾಲೇಜು ಬಿಟ್ಟು ಕುರಿಯ ಹಿಂದೆ ಬಂದರೆ ಮಗಳನ್ನು ಕಳಿಸುತ್ತಾನೆ, ಇಲ್ಲವಾದರೆ ಸೋಡಚೀಟಿ, ಅಂದರೆ ಗಂಡ ಹೆಂಡತಿಯನ್ನು ಬಿಟ್ಟುಕೊಟ್ಟ ಕಾಗದ, ಅಲ್ಲೇ ಆಗಬೇಕು.

“ಐದ ತಿಂಗಳ ತಡಿ ಮಾವಾ, ಪರೀಕ್ಷಾ ಐತಿ” ಎಂದೆ.

“ನಾ ಯಾಕ ತಡೀಲಿ? ನನ್ನ ಮಗಳು ಅಂತ ನೀನ ನಾಕ ಮಂದ್ಯಾಗ ಹೇಳಿದಿ. ನನ್ನ ಮಗಳನ ನಾ ಕರಕೊಂಡ ಹೋದೆ. ತಪ್ಪ ಏನೈತಿ ಹಿರ್ಯಾರ?”

ಹಿರಿಯರು ನನ್ನ ಕಡೆ ತಿರುಗಿದರು. ನನಗೆ ಸೊಕ್ಕು ಇತ್ತು. “ಹಂಗಾದ್ರ ಚೀಟಿ ಆಗಲಿ” ಎಂದೆ.

ಬರೆಯುವವರು ಯಾರು? ನಮ್ಮ ಮಂದಿಯಲ್ಲಿ ಅಕ್ಷರ ಬಲ್ಲವನು ನಾನೊಬ್ಬನೇ. ಮ್ಯಾಟ್ರಿಕ್ ಆದಾಗಿನಿಂದ ಊರ ಸೋಡಚೀಟಿಗಳನ್ನು ನಾನೇ ಬರೆದುಕೊಟ್ಟಿದ್ದೆ, ಒಕ್ಕಣೆ ಬಾಯಿಪಾಠವಿತ್ತು. ಒಬ್ಬ ಹಿರಿಯ ಹಾಳೆ ಮುಂದೆ ತಳ್ಳಿ, “ನೀನ ಬರಿಯಪ್ಪ, ನಿನ್ನ ಅಕ್ಷರ ಮುತ್ತಿನಂಗ ಇರತಾವು” ಎಂದ. ಬರೆದೆ. ಅಕ್ಷರ ಮುತ್ತಿನಂತೆಯೇ ಬಿದ್ದವು. ಒಂದು ಕಡೆ ತಪ್ಪಾಗಿದ್ದನ್ನು ಹೊಡೆದುಹಾಕಿ ತಿದ್ದಿದೆ ಕೂಡ. ಮಾವ ಹೆಬ್ಬೆಟ್ಟು ಒತ್ತಿ, ಬೆರಳನ್ನು ಗುಡಿಯ ಗೋಡೆಗೆ ಒರೆಸಿ ಎದ್ದ.

ಹೆಂಡತಿಯನ್ನು ಬಿಟ್ಟುಕೊಟ್ಟು ಉಳಿಸಿಕೊಂಡ ಬಿ.ಎ. ಅದು. ಇನ್ನು ಅದೂ ಕೈತಪ್ಪಿದರೆ ನನಗೆ ಉಳಿಯುವುದೇನೂ ಇರಲಿಲ್ಲ. ಅದು ಗೊತ್ತಿದ್ದೂ ವಿಜಾಪುರಕ್ಕೆ ಮರಳಿದ ಮೇಲೆ ಪುಸ್ತಕದ ಒಂದು ಪುಟ ತಿರುವಲಾಗಲಿಲ್ಲ. ನಾಲ್ಕು ಸಾಲು ಓದುವಷ್ಟರಲ್ಲಿ ಮೊದಲ ಸಾಲು ಮರೆಯುತ್ತಿತ್ತು. ಊಟ ಹುಲ್ಲು ತಿಂದಂತೆ. ಪರೀಕ್ಷೆಯ ದಿನ ವಸತಿಗೃಹದ ಕೋಣೆಯಲ್ಲಿ ಗೋಡೆಯ ಕಡೆ ಮುಖ ಮಾಡಿ ಮಲಗಿದ್ದೆ. ಗಂಟೆ ಬಾರಿಸಿದ್ದು ಕೇಳಿಸಿತು, ಏಳಲಿಲ್ಲ. ಟ್ರಂಕು ಹೊತ್ತು ಊರಿಗೆ ಬಂದೆ. ಮಾವನ ಮಾತು ಊರವರ ಬಾಯಲ್ಲಿ ಹೊಸದಾಗಿ ಹುಟ್ಟಿತು.

ಖಿನ್ನತೆ ಎಂಬ ಪದ ಆಗ ನಮ್ಮಲ್ಲಿ ಯಾರಿಗೂ ಗೊತ್ತಿರಲಿಲ್ಲ. ಬೇಸಿಗೆಯಿಂದ ಮುಂದಿನ ದೀಪಾವಳಿಯವರೆಗೆ ನಾನು ಒಳಕೋಣೆಯಲ್ಲಿ ಬಿದ್ದುಕೊಂಡಿದ್ದೆ. ಅವ್ವ ನೆತ್ತಿಗೆ ಔಡಲೆಣ್ಣೆ ತಟ್ಟಿದಳು, ಬೇವಿನ ಕಷಾಯ ಕುಡಿಸಿದಳು. ಊರವರು ಮಾತ್ರ ಬೇರೆಯೇ ತೀರ್ಮಾನಕ್ಕೆ ಬಂದರು. ಮಾತಿಲ್ಲ, ಊಟವಿಲ್ಲ, ಹೆಂಡತಿ ಇಲ್ಲ: ಬೀರಪ್ಪ ನನ್ನನ್ನು ತನ್ನ ಪೂಜೆಗೆ ಆರಿಸಿಕೊಂಡಿದ್ದಾನೆ! ಬಂದವರು ನನ್ನ ಹಣೆಗೆ ದೇವರ ಅರಿಸಿನದ ಭಂಡಾರ ಹಚ್ಚಿ ಕಾಲು ಮುಟ್ಟತೊಡಗಿದರು. ಒಬ್ಬ ಮುದುಕಿ, ಕಳೆದ ಎಮ್ಮೆ ಯಾವ ದಿಕ್ಕಿಗೆ ಹೋಗಿದೆ ಎಂದು ಕೇಳಿದಳು.

“ನನಗೇನ ಗೊತ್ತಬೇ, ಹೋಗ ಅತ್ಲಾಗ!” ಎಂದು ಚೀರಿದೆ.

ಅವಳು ಕೈಮುಗಿದು, ನಾನು ಕೈ ಬೀಸಿದ ದಿಕ್ಕಿಗೇ ಹೋದಳು. ಎಮ್ಮೆ ಅಲ್ಲಿಯೇ ಸಿಕ್ಕಿತು. ಮರುದಿನ ಬಾಗಿಲಲ್ಲಿ ಹನ್ನೆರಡು ಮಂದಿ.

ದೊಡ್ಡಪ್ಪ ಅವರನ್ನೆಲ್ಲ ಚದುರಿಸಿದ. “ದೇವರಿಗೆ ಬ್ಯಾರೆ ಮಂದಿ ಸಿಗಲಿಲ್ಲೇನು? ಬಿ.ಎ. ನಪಾಸಾದವನ್ನ ಹುಡಿಕ್ಯಾಡಕೊಂಡ ಬರತಾನ?” ಎಂದ. ಒಳಗೆ ಬಂದು ನನ್ನ ಕೌದಿ ಎಳೆದ. “ಏಳು ತಮ್ಮಾ. ನಾಳಿ ಕುರಿ ಹೊಳಿ ಕಡೆ ಹೊಂಟಾವು. ನೀನೂ ಬಾ. ಬಿದ್ದಲ್ಲೇ ಬಿದ್ದ ಕುರಿ ಬದುಕೂದಿಲ್ಲ. ಎದ್ದ ನಿಂದರಿಸಬೇಕು, ಬಡದಾದ್ರೂ.”

ಪ್ರತಿ ವರ್ಷ ಮಳೆ ನಿಂತ ಮೇಲೆ ನಮ್ಮ ಹಿಂಡು ಕೃಷ್ಣೆಯ ದಂಡೆಗೆ ಇಳಿಯುತ್ತದೆ. ಹೊಲದವರು ಗೊಬ್ಬರಕ್ಕಾಗಿ ಕುರಿ ನಿಲ್ಲಿಸಿಕೊಂಡು ಜೋಳ ಕೊಡುತ್ತಾರೆ. ಒಂದು ಹೊಲ ಮುಗಿದರೆ ಇನ್ನೊಂದು. ತೇರದಾಳ, ಹಿಪ್ಪರಗಿ, ರಬಕವಿ, ಹೀಗೆ ನಾಲ್ಕು ತಿಂಗಳು ನಡೆದೆ. ಮೊದಲ ವಾರ ಕಾಲು ಬೊಬ್ಬೆ ಬಂದು, ದೊಡ್ಡಪ್ಪನನ್ನು ಮನಸ್ಸಿನಲ್ಲೇ ಬೈದುಕೊಂಡೆ. ಅವನ ಕಟ್ಟುಪಾಡುಗಳು ಕೆಲವೇ: ಹೊತ್ತು ಹುಟ್ಟುವ ಮೊದಲು ಹೊಳೆಯಲ್ಲಿ ಮುಳುಗಬೇಕು. ಹಗಲು ನೆಲಕ್ಕೆ ಬೆನ್ನು ಹಚ್ಚಬಾರದು. ಕುಳಿತಾಗ ಕೈಯಲ್ಲಿ ಉಣ್ಣೆ ಇರಬೇಕು. ಹಸಿವಿರಲಿ ಬಿಡಲಿ, ಅಂಬಲಿ ಕುಡಿಯಬೇಕು. ಯಾಕೆ ಎಂದು ಕೇಳಬಾರದು.

ಆ ನಡಿಗೆಯಲ್ಲಿ ಏನೋ ದೊಡ್ಡ ಜ್ಞಾನ ಸಿಕ್ಕಿತೆಂದು ಬರೆದರೆ ಸುಳ್ಳಾಗುತ್ತದೆ. ಬಿಸಿಲು ಹೊಡೆಯುತ್ತಿತ್ತು, ದಣಿವಾಗುತ್ತಿತ್ತು, ದಣಿದವನಿಗೆ ನಿದ್ದೆ ಬರುತ್ತಿತ್ತು, ನಿದ್ದೆ ಬಂದವನಿಗೆ ಹಸಿವಾಗುತ್ತಿತ್ತು. ಇಷ್ಟೇ. ಒಂದು ಮುಂಜಾನೆ ಹಿಪ್ಪರಗಿಯ ದಂಡೆಯಲ್ಲಿ ಎರಡನೆಯ ಸಲ ಅಂಬಲಿ ಕೇಳಿದೆ. ದೊಡ್ಡಪ್ಪ ಬಟ್ಟಲು ತುಂಬ ಸುರಿದ.

ತೇರದಾಳದ ಸಂತೆಯಲ್ಲಿ ಮಾವನ ಊರಿನವನೊಬ್ಬ ಸಿಕ್ಕ. ತಂಬಾಕು ತಿಕ್ಕುತ್ತ ಹೇಳಿದ: “ನಿಮ್ಮ ಮಾವನ ಮಗಳ ಉಡಿಕಿ ಆತಲ್ಲೋ, ಹೋದ ಹುಣ್ಣಿಮಿಗೆ. ಹುಡುಗ ಛಲೋ ಅದಾನ. ಓದಿಲ್ಲ ಬರದಿಲ್ಲ, ಆಕಿ ಹಿಂದಿಂದ ತಿರಗತಾನ.” ಉಡಿಕೆಯೆಂದರೆ ಬಿಟ್ಟುಬಂದ ಹೆಣ್ಣಿಗೆ ಮಾಡುವ ಮರುಮದುವೆ. ನಾನು ಬರೆದ ಚೀಟಿಯಿಂದಲೇ ಅದಾಗಿತ್ತು.

ಮೂರು ದಿನ ಅಂಬಲಿಯ ಬಟ್ಟಲನ್ನು ಮತ್ತೆ ಪಕ್ಕಕ್ಕೆ ಸರಿಸಿದೆ. ದೊಡ್ಡಪ್ಪ ಸಮಾಧಾನ ಹೇಳಲಿಲ್ಲ. ಬೆನ್ನ ಮೇಲೆ ಕೈ ಇಡಲಿಲ್ಲ. ನಾಲ್ಕನೆಯ ದಿನ ಮುಳ್ಳುಕಾಯಿ ತುಂಬಿದ ಒಂದು ಹೊರೆ ಉಣ್ಣೆ ತಂದು ನನ್ನ ಮುಂದೆ ಒಗೆದು, “ಹಸನ ಮಾಡು” ಎಂದ. ಬೆರಳು ತುಂಬ ಮುಳ್ಳು. ಮರುದಿನದ ಹೊತ್ತಿಗೆ ನಾನು ಮುಳ್ಳಿಗೆ ಬೈಯತೊಡಗಿದೆ, ಆಮೇಲೆ ಮಾವನಿಗೆ, ಕೊನೆಗೆ ನನಗೇ. ಆ ಗೆಳೆಯರಿಗೆ ಹೇಳಿದ ಮಾತನ್ನು ಅವತ್ತಿನವರೆಗೆ ಯಾರ ಮುಂದೆಯೂ ಒಪ್ಪಿಕೊಂಡಿರಲಿಲ್ಲ. ಅವತ್ತು ದೊಡ್ಡಪ್ಪನಿಗೆ ಹೇಳಿದೆ: “ನಾಚಿಕಿ ಬಂತು ದೊಡ್ಡಪ್ಪಾ. ಆಕಿ ಕಂಕುಳಾಗಿನ ಮರಿ ನೋಡಿ ನನಗ ನಾಚಿಕಿ ಬಂತು.”

“ಗೊತ್ತೈತಿ” ಎಂದ. “ಆ ಮರಿ ದೊಡ್ಡದಾಗೈತಿ. ಮುಂದ ಹೊಂಟೈತಿ ನೋಡು, ಕರೇ ಕಿವೀದು.”

ಮರುದಿನ ಅವನು ತನ್ನ ಜೋಳಿಗೆಯಿಂದ ನನ್ನ ಇತಿಹಾಸದ ಪುಸ್ತಕ ತೆಗೆದ. ಅದನ್ನು ತಂದಿದ್ದಾನೆಂದು ನನಗೆ ಗೊತ್ತೇ ಇರಲಿಲ್ಲ. “ಇದರಾಗ ಏನೈತಿ ಹೇಳಕೊಂತ ನಡಿ. ಬರೇ ಕುರಿ ಮಾತ ಕೇಳಿ ಕಿವಿ ದಣದಾವು.” ಇಂಗ್ಲಿಷಿನಲ್ಲಿದ್ದುದನ್ನು ನಮ್ಮ ಮಾತಿಗೆ ತಿರುಗಿಸಿ ಹೇಳುತ್ತ ನಡೆದೆ. ಫ್ರಾನ್ಸಿನ ಮಂದಿ ತಮ್ಮ ರಾಜನ ತಲೆ ಕಡಿದ ಕತೆ ಹೇಳಿದಾಗ ದೊಡ್ಡಪ್ಪ ನಿಂತೇಬಿಟ್ಟ.

“ಖರೇನ ಕಡದ್ರ?”

“ಖರೇನ.”

“ನಮ್ಮ ಕಡೆ ರಾಜರು ಶಾಣ್ಯಾರ ಬಿಡು. ಸಹಿ ಮಾಡಿದ್ರು, ಪಿಂಚಣಿ ತಗೊಂಡ್ರು, ತಲಿ ಉಳಿಸಿಕೊಂಡ್ರು.”

ಒಂದು ವರ್ಷದ ನಂತರ ನಾನು ನಕ್ಕದ್ದು ಆವತ್ತು. ದೊಡ್ಡಪ್ಪನಿಗೆ ತಿಳಿಯುವಂತೆ ಹೇಳಬೇಕಾದರೆ ನನಗೆ ಮೊದಲು ತಿಳಿಯಬೇಕಿತ್ತು. ಕಾಲೇಜಿನಲ್ಲಿ ಉರು ಹೊಡೆದದ್ದು ಹೊಳೆದಂಡೆಯಲ್ಲಿ ತಲೆಗೆ ಹತ್ತಿತು. ಏಪ್ರಿಲ್‌ನಲ್ಲಿ ಪರೀಕ್ಷೆಗೆ ಕುಳಿತೆ. ಬೆರಳ ತುದಿಗಳಲ್ಲಿ ಇನ್ನೂ ಮುಳ್ಳು ಕಪ್ಪಾಗಿದ್ದವು. ಪಾಸಾದೆ, ಬರೀ ಪಾಸು, ಯಾವ ದರ್ಜೆಯೂ ಇಲ್ಲ. ಆದರೂ ನಮ್ಮ ವಂಶದಲ್ಲಿ ಮೊದಲನೆಯವನು. ಅದನ್ನು ಹೇಳಿಕೊಳ್ಳಲು ನಾನು ಇವತ್ತಿಗೂ ಸಂಕೋಚ ಪಡುವುದಿಲ್ಲ.

ಈಗ ಯಾರಾದರೂ, ಸಂಸಾರ ಕೆಟ್ಟು ಮನಸ್ಸು ಬಿದ್ದಾಗ ಏನು ಮಾಡಬೇಕು ಎಂದು ಕೇಳಿದರೆ, ನಡೆಯಿರಿ, ಬಿಸಿಲಿಗೆ ಬನ್ನಿ, ಕೈಗೆ ಕೆಲಸ ಕೊಡಿ, ಹೊತ್ತಿಗೆ ಉಣ್ಣಿರಿ, ಒಬ್ಬರ ಮುಂದೆ ನಿಜ ಹೇಳಿರಿ ಎನ್ನುತ್ತೇನೆ. ಅಷ್ಟಕ್ಕೂ ಮೇಲೇಳದಿದ್ದರೆ ಡಾಕ್ಟರರ ಬಳಿ ಹೋಗಿರಿ, ದೇವರೆಂದು ಯಾರಾದರೂ ಭಂಡಾರ ಹಚ್ಚಲು ಬಂದರೆ ಬಾಗಿಲು ಹಾಕಿರಿ. ಇವೆಲ್ಲ ನನ್ನನ್ನು ಎಬ್ಬಿಸಿ ನಿಲ್ಲಿಸಿದವು, ಖರೆ. ಆದರೆ ನಾನು ಮಾಡಿದ್ದನ್ನು ಅಳಿಸಲಿಲ್ಲ. ಬೇನೆ ಹೋದ ಮೇಲೆ ಅದು ಇನ್ನೂ ನಿಚ್ಚಳವಾಗಿ ಕಂಡಿತು. ಹೊಳೆಯ ನೀರು ಮೈ ತೊಳೆಯುತ್ತದೆ, ಆಡಿದ ಮಾತನ್ನಲ್ಲ.

ಸೀಗಿ ಹುಣ್ಣಿಮೆಯ ನಂತರ ಧಾರವಾಡದಿಂದ ಪದವಿಯ ಪ್ರಮಾಣಪತ್ರ ತಂದೆ. ಹೆಣ್ಣುಮಕ್ಕಳು ತವರಿಗೆ ಹೋಗುವ ನಾಗರಪಂಚಮಿಗೂ ಆ ವರ್ಷ ಅವ್ವನನ್ನು ಕರೆಯಲು ಅಣ್ಣನ ಮನೆಯಿಂದ ಯಾರೂ ಬಂದಿರಲಿಲ್ಲ. ಚೀಟಿ ಆದಾಗಿನಿಂದ ಆ ಬಾಗಿಲು ಅವಳಿಗೆ ಮುಚ್ಚಿಹೋಗಿತ್ತು. ನಾನು ಅಂಗಳಕ್ಕೆ ಕಾಲಿಟ್ಟಾಗ ಅವ್ವ ರೊಟ್ಟಿ ಬಡಿಯುತ್ತಿದ್ದಳು. ಹಿಟ್ಟಿನ ಕೈ ತೊಳೆದು, ಸೆರಗಿಗೆ ಒರೆಸಿಕೊಂಡು ಕೈ ಮುಂದೆ ಚಾಚಿದಳು. ಕೊಟ್ಟೆ.

“ನಿನ್ನ ಹೆಸರ ಎಲ್ಲೈತಿ?”

ತೋರಿಸಿದೆ.

“ನಿಮ್ಮಪ್ಪಂದು?”

ಅದನ್ನೂ ತೋರಿಸಿದೆ. ಬೆರಳಿನಿಂದ ಎರಡನ್ನೂ ಸವರಿದಳು. ಆಮೇಲೆ ಕಾಗದವನ್ನು ಮೇಲಿನಿಂದ ಕೆಳಗಿನವರೆಗೆ ನೋಡಿದಳು.

“ನನ್ನ ತವರಮನೀದು?”

“ಅದನ್ನ ಬರಿಯೂದಿಲ್ಲಬೇ, ಯವ್ವಾ.”

ಅವ್ವ ಪ್ರಮಾಣಪತ್ರವನ್ನು ನನ್ನ ಕೈಗೆ ವಾಪಸು ಇಟ್ಟಳು.

“ಛಲೋ ಆತಪ್ಪ, ಪಾಸಾದಿ” ಎಂದಳು. “ಇದಕ್ಕ ನಾ ಕೊಟ್ಟಿದ್ದು ನನ್ನ ತವರನ್ನ. ಅದೊಂದ ಬರಿಯೂದ ಬಿಟ್ಟಾರ ನೋಡು.”